ಟಸ್ಕೀಗಿಯ ಆಚಾರ್ಯ

1861ನೆಯ ಇಸವಿ. ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಜೀನಿಯಾ ಪ್ರಾಂತದಲ್ಲಿ, ಹೇಲ್ಸ್ ಫೋರ್ಡ್ ಎಂಬ ಊರಿನ ಸಮೀಪ, ಹೊಗೆಸೊಪ್ಪಿನ ಹೊಲಗಳ ಒಡೆಯನಾಗಿದ್ದ ಜೇಮ್ಸ್ ಬರೋಸ್ ಎಂಬಾತನು ತೀರಿಕೊಂಡನು. ವಾಡಿಕೆಯಂತೆ ಅವನ ಆಸ್ತಿಪಾಸ್ತಿಗಳ ಪಟ್ಟಿಯೊಂದು ಸಿದ್ಧವಾಯಿತು. ಆ ಪಟ್ಟಿಯಲ್ಲಿ ಬೂಕರ್ ಎಂಬ ಐದು ವರ್ಷದ ಬಾಲಕನೊಬ್ಬನ ಹೆಸರೂ ಇದ್ದಿತು. ಅದರ ಎದುರಿಗೆ 400 ಡಾಲರ್ ಎಂದು ಬೆಲೆ ನಮೂದಾಗಿದ್ದಿತು. ಮನುಷ್ಯನನ್ನು ಮನುಷ್ಯನು ಕೊಂಡು ಮಾರುತ್ತಿದ್ದ ಕಾಲವದು. ಹೀಗೆ ಬೆಲೆ ಕಟ್ಟಿಸಿಕೊಂಡ ಬಾಲಕನೇ ಮುಂದೆ ಬೂಕರ್ ಟಿ. ವಾಷಿಂಗ್ಟನ್ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದನು.

ಬೂಕರನು ಹುಟ್ಟಿದ್ದು 1856ರಲ್ಲಿ. ತಾಯಿ ಜೇನ್ ಆ ತೋಟದ ಅಡುಗೆಯವಳು. ತಂದೆ ಯಾರೋ ಒಬ್ಬ ಬಿಳಿಯನೆಂಬುದಕ್ಕಿಂತ ಹೆಚ್ಚಿನದೇನೂ ಮಗನಿಗೆ ತಿಳಿಯದು. ಮಣ್ಣಿನ ನೆಲದ ಒಂದೇ ಕೋಣೆಯ ಗುಡಿಸಿಲು ಅವರ ಮನೆ. ತೋಟದ ಅಡುಗೆಮನೆಯೂ ಅದೇ. ನೆಲದ ನಡುವೆ ಗೆಣಸನ್ನು ತುಂಬಿಡುವ ಒಂದು ಗುಂಡಿ, ಅದರ ಮೇಲೆ ಹಲಗೆಗಳ ಮುಚ್ಚಳ. ಮಕ್ಕಳು ಹರಕು ಚಿಂದಿಗಳ ರಾಶಿಯ ಮೇಲೆ ಮಲಗುತ್ತಿದ್ದರು. ಅಗಸೆನಾರಿನ ಹೊಸ ಅಂಗಿಯನ್ನು ತೊಡುವುದೆಂದರೆ ನೂರಾರು ಮುಳ್ಳುಗಳನ್ನು ಮೈಗೆ ಒತ್ತಿಕೊಂಡಂತೆ ಆಗುತ್ತಿದ್ದಿತು. ತಮ್ಮನ ಸಂಕಟವನ್ನು ನೋಡಲಾರದೆ ಅಣ್ಣ ಜಾನ್ ಆ ಅಂಗಿಯನ್ನು ತಾನೇ ಕೆಲವು ದಿನ ತೊಟ್ಟು, ಅದು ಮೆತ್ತಗಾದ ಮೇಲೆ ಅವನಿಗೆ ಕೊಡುತ್ತಿದ್ದನು. ಒಡೆಯನ ಮನೆಯ ಹುಡುಗಿಯ ಪುಸ್ತಕಗಳನ್ನು ಹೊತ್ತು ಶಾಲೆಯ ಬಾಗಿಲಿನವರೆಗೆ ಹೋಗುವುದು ಬೂಕರನ ಕೆಲಸಗಳಲ್ಲಿ ಒಂದು. ಬಾಗಿಲಿನಿಂದ ಒಳಕ್ಕೆ ಅವನಿಗೆ ಪ್ರವೇಶವಿಲ್ಲ. ಒಳಗೆ ಕುಳಿತು ಓದುತ್ತಿದ್ದ ಮಕ್ಕಳನ್ನು ನೋಡಿದಾಗ ಅವನಿಗೆ ಸ್ವರ್ಗವೆಂದರೆ ಹೀಗೆಯೇ ಇರಬೇಕೆಂದು ತೋರುತ್ತಿದ್ದಿತು.

1865ರಲ್ಲಿ ಅಂತರ್ಯುದ್ಧವು ಕೊನೆಗೊಂಡಿತು. ಒಂದು ದಿನ ಬೆಳಗ್ಗೆ ತೋಟದ ಗುಲಾಮರೆಲ್ಲರನ್ನೂ ದೊಡ್ಡ ಮನೆಯ ಮುಂದೆ ಕರೆಸಿ, ಅಧಿಕಾರಿಯೊಬ್ಬನು ಕಾಗದವೊಂದನ್ನು ಓದಿ, ಅವರು ಇನ್ನು ಸ್ವತಂತ್ರರೆಂದು ತಿಳಿಸಿದನು. ಜೇನ್ ಕಣ್ಣೀರು ಸುರಿಸುತ್ತ ಬಾಗಿ ಮಕ್ಕಳನ್ನು ಮುದ್ದಿಟ್ಟಳು. ಹಾಡು ಕುಣಿತಗಳು ಕೆಲಹೊತ್ತು ನಡೆದವು. ಆದರೆ ಗುಡಿಸಿಲುಗಳಿಗೆ ಹಿಂದಿರುಗುವ ವೇಳೆಗೆ ಹಿರಿಯರ ಮುಖಗಳಲ್ಲಿ ಚಿಂತೆ ಆವರಿಸಿದ್ದಿತು. ಭೂಮಿಯಿಲ್ಲ, ಮನೆಯಿಲ್ಲ, ಕೈಯಲ್ಲಿ ಕಾಸಿಲ್ಲ, ಅಕ್ಷರವಿಲ್ಲ. ನಾಳೆಯಿಂದ ತಮ್ಮನ್ನು ತಾವೇ ಸಾಕಿಕೊಳ್ಳಬೇಕು. ಸ್ವಾತಂತ್ರ್ಯವು ಬಂದ ದಿನವೇ ಎದುರಾದ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಬೂಕರನ ಇಡೀ ಜೀವಮಾನ ಕಳೆಯಿತೆನ್ನಬಹುದು.

ಮಲತಂದೆಯು ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಎಂಬಲ್ಲಿ ಉಪ್ಪು ಕಾಯಿಸುವ ಕುಲುಮೆಯಲ್ಲಿ ದುಡಿಯುತ್ತಿದ್ದನು. ಸಂಸಾರವು ಅಲ್ಲಿಗೆ ಹೋಯಿತು. ಉಪ್ಪಿನ ಪೀಪಾಯಿಗಳ ಮೇಲೆ ಒಬ್ಬೊಬ್ಬ ಕೆಲಸಗಾರನಿಗೂ ಒಂದೊಂದು ಸಂಖ್ಯೆಯನ್ನು ಹಾಕುತ್ತಿದ್ದರು. ಮಲತಂದೆಯ ಸಂಖ್ಯೆ 18. ಬೂಕರನು ಮೊದಲು ಕಲಿತ ಬರಹವೆಂದರೆ ಆ ಎರಡು ಅಂಕಿಗಳು. ಮಗನ ಹಂಬಲವನ್ನು ಕಂಡು, ತಾನು ಓದು ಬಾರದವಳಾದರೂ, ತಾಯಿ ಎಲ್ಲಿಂದಲೋ ಒಂದು ಅಕ್ಷರಮಾಲೆಯ ಪುಸ್ತಕವನ್ನು ತಂದುಕೊಟ್ಟಳು. ಊರಿನಲ್ಲಿ ಶಾಲೆಯು ತೆರೆದಾಗ ಮಲತಂದೆ ಹುಡುಗನ ದುಡಿಮೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಕಡೆಗೆ ಬೆಳಗಿನ ಜಾವದಿಂದ ಒಂಬತ್ತು ಗಂಟೆಯವರೆಗೆ ಕುಲುಮೆಯಲ್ಲಿ ದುಡಿದು ಆಮೇಲೆ ಶಾಲೆಗೆ ಹೋಗಬಹುದೆಂದು ತೀರ್ಮಾನವಾಯಿತು. ಶಾಲೆಯೂ ಒಂಬತ್ತು ಗಂಟೆಗೇ ಆರಂಭವಾಗುತ್ತಿದ್ದಿತು, ದಾರಿಯೋ ದೂರ. ಹುಡುಗನು ದಿನವೂ ಬೆಳಗ್ಗೆ ಕಚೇರಿಯ ಗಡಿಯಾರದ ಮುಳ್ಳನ್ನು ಎಂಟೂವರೆಯಿಂದ ಒಂಬತ್ತಕ್ಕೆ ತಳ್ಳಿಬಿಡುತ್ತಿದ್ದನು. ನೂರಕ್ಕೂ ಹೆಚ್ಚು ಮಂದಿ ಆ ಗಡಿಯಾರವನ್ನೇ ನಂಬಿ ಕೆಲಸ ಮಾಡುತ್ತಿದ್ದರು! ಮೇಲ್ವಿಚಾರಕನಿಗೆ ಸಂಶಯ ಬಂದು ಗಡಿಯಾರಕ್ಕೆ ಪೆಟ್ಟಿಗೆ ಮಾಡಿಸಿ ಬೀಗ ಹಾಕಿಸಿದನು. ದೊಡ್ಡವನಾಗಿ ತನ್ನ ಜೀವನಚರಿತ್ರೆಯನ್ನು ಬರೆದಾಗ ವಾಷಿಂಗ್ಟನ್ ಈ ಕಳ್ಳಾಟವನ್ನೂ ಮುಚ್ಚಿಡಲಿಲ್ಲ.

ಶಾಲೆಯಲ್ಲಿ ಹಾಜರಿ ಕರೆಯುವಾಗ ಎಲ್ಲರಿಗೂ ಎರಡೆರಡು ಹೆಸರುಗಳಿರುವುದನ್ನು ಗಮನಿಸಿ, ತನ್ನ ಸರದಿ ಬಂದಾಗ ಅವನು ಬೂಕರ್ ವಾಷಿಂಗ್ಟನ್ ಎಂದು ಹೇಳಿಬಿಟ್ಟನು. ಗುಲಾಮನಿಗೆ ಮನೆತನದ ಹೆಸರಿರಲಿಲ್ಲ. ಅದನ್ನು ಅವನೇ ಸಂಪಾದಿಸಿಕೊಂಡನು.

ಕೆಲಕಾಲ ಕಲ್ಲಿದ್ದಲಿನ ಗಣಿಯಲ್ಲಿ ದುಡಿದ ಬಳಿಕ ಅವನು ಗಣಿಯ ಒಡೆಯನಾದ ಜನರಲ್ ರಫ್ನರನ ಮನೆಯಲ್ಲಿ ತಿಂಗಳಿಗೆ 5 ಡಾಲರ್ ಸಂಬಳದ ಕೆಲಸಕ್ಕೆ ಸೇರಿದನು. ಒಡತಿ ವಯೋಲಾ ರಫ್ನರ್ ಬಹಳ ಕಟ್ಟುನಿಟ್ಟಿನ ಹೆಂಗಸು. ಅವಳ ಬಳಿ ಹುಡುಗರು ಎರಡು ಮೂರು ವಾರಗಳಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಅಂಗಳದಲ್ಲಿ ಕಸವಿರಬಾರದು, ಬೇಲಿಯ ಒಂದು ಗೂಟವೂ ಸಡಿಲವಾಗಿರಬಾರದು, ಹೇಳಿದ ಕೆಲಸವು ಹೇಳಿದ ಹೊತ್ತಿಗೆ ಆಗಬೇಕು. ಬೂಕರನು ನಿಂತನು, ಅವಳ ವಿಶ್ವಾಸವನ್ನು ಗಳಿಸಿದನು. ಅಲ್ಲಿ ಕಲಿತ ಅಚ್ಚುಕಟ್ಟುತನವು ಅವನ ಪಾಲಿಗೆ ಯಾವ ಪಾಠಶಾಲೆಯ ವಿದ್ಯೆಗೂ ಕಡಿಮೆಯಾದುದಾಗಿರಲಿಲ್ಲ.

ಗಣಿಯಲ್ಲಿದ್ದಾಗ ಒಮ್ಮೆ ಇಬ್ಬರು ಕೆಲಸಗಾರರು ಹ್ಯಾಂಪ್ಟನ್ ಎಂಬಲ್ಲಿನ ಶಾಲೆಯನ್ನು ಕುರಿತು ಮಾತನಾಡಿದ್ದು ಅವನ ಕಿವಿಗೆ ಬಿದ್ದಿತ್ತು. ಬಡವರು ಅಲ್ಲಿ ದುಡಿದು ಓದಬಹುದಂತೆ. ಜೊತೆಗೆ ಒಂದು ಕಸುಬನ್ನೂ ಕಲಿಸುವರಂತೆ. 1872ರಲ್ಲಿ, ಹದಿನಾರರ ಹರೆಯದಲ್ಲಿ, ಅವನು ಹ್ಯಾಂಪ್ಟನ್ನಿಗೆ ಹೊರಟನು. ಸುಮಾರು 500 ಮೈಲಿಗಳ ದಾರಿ. ಕೈಯಲ್ಲಿದ್ದ ಹಣ ಅರ್ಧ ದಾರಿಗೂ ಸಾಲದು. ನಡೆದು, ಬಂಡಿಗಳವರನ್ನು ಬೇಡಿಕೊಂಡು, ರಿಚ್ಮಂಡ್ ನಗರವನ್ನು ಸೇರುವ ಹೊತ್ತಿಗೆ ಹಣವೆಲ್ಲ ಮುಗಿದಿದ್ದಿತು. ರಾತ್ರಿ ಬೀದಿಯ ಬದಿಯ ಮರದ ಕಾಲುದಾರಿಯ ಕೆಳಗೆ ನುಸುಳಿ ಮಲಗಿದನು. ತಲೆಯ ಮೇಲೆ ಜನರ ಹೆಜ್ಜೆಗಳ ಸದ್ದು. ಹಗಲು ಹಡಗೊಂದರಿಂದ ಕಬ್ಬಿಣವನ್ನು ಇಳಿಸುವ ಕೂಲಿ ಮಾಡಿ ಹಣ ಕೂಡಿಸಿಕೊಂಡು ಮುಂದೆ ಸಾಗಿದನು. ಹ್ಯಾಂಪ್ಟನ್ನನ್ನು ಮುಟ್ಟಿದಾಗ ಅವನಲ್ಲಿ ಉಳಿದಿದ್ದುದು 50 ಸೆಂಟು.

ಕೊಳೆಯಾದ ಬಟ್ಟೆಯ, ಹಸಿದ ಮುಖದ ಈ ಹುಡುಗನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಮುಖ್ಯ ಅಧ್ಯಾಪಕಿ ಮೇರಿ ಮ್ಯಾಕಿಗೆ ಸಂಶಯವಾಯಿತು. ಬಹಳ ಹೊತ್ತು ಕಾಯಿಸಿ, ಕೊನೆಗೆ ಪಕ್ಕದ ಪಾಠದ ಕೊಠಡಿಯನ್ನು ಗುಡಿಸಲು ಹೇಳಿದಳು. ರಫ್ನರಳ ಮನೆಯಲ್ಲಿ ಪಳಗಿದವನಿಗೆ ಇದಕ್ಕಿಂತ ಸುಲಭವಾದ ಪ್ರವೇಶ ಪರೀಕ್ಷೆ ಇನ್ನಾವುದು? ಮೂರು ಸಲ ಗುಡಿಸಿದನು. ನಾಲ್ಕು ಸಲ ಬಟ್ಟೆಯಿಂದ ಧೂಳನ್ನು ಒರೆಸಿದನು. ಅಧ್ಯಾಪಕಿ ಬಂದು ಮೇಜು, ಬೆಂಚು, ಗೋಡೆಯ ಹಲಗೆಗಳ ಮೇಲೆಲ್ಲ ತನ್ನ ಕರವಸ್ತ್ರವನ್ನು ಉಜ್ಜಿ ನೋಡಿದಳು. ಒಂದು ಕಣ ಧೂಳೂ ಸಿಗಲಿಲ್ಲ. ಹುಡುಗನಿಗೆ ಶಾಲೆಯಲ್ಲಿ ಸ್ಥಾನ ದೊರೆಯಿತು. ಕಟ್ಟಡವನ್ನು ಶುಚಿಯಾಗಿಡುವ ಕೆಲಸವೂ ಸಿಕ್ಕಿತು. ಹಾಸಿಗೆಯ ಮೇಲೆ ಎರಡು ಹೊದಿಕೆಗಳನ್ನು ಏಕೆ ಹಾಸಿರುತ್ತಾರೆಂಬುದು ಅವನಿಗೆ ತಿಳಿಯದು. ಮೊದಲ ರಾತ್ರಿ ಎರಡರ ಕೆಳಗೂ ಮಲಗಿದನು, ಎರಡನೆಯ ರಾತ್ರಿ ಎರಡರ ಮೇಲೂ ಮಲಗಿದನು. ಮೂರನೆಯ ರಾತ್ರಿ ಬೇರೆ ಹುಡುಗರನ್ನು ನೋಡಿ ಕಲಿತನು.

ಹ್ಯಾಂಪ್ಟನ್ ಶಾಲೆಯನ್ನು 1868ರಲ್ಲಿ ಸ್ಥಾಪಿಸಿದವರು ಸ್ಯಾಮ್ಯುಯೆಲ್ ಆರ್ಮ್‌ಸ್ಟ್ರಾಂಗ್ ಎಂಬ ಸೇನಾನಿ. ಓದು ಮತ್ತು ದುಡಿಮೆ ಬೇರೆ ಬೇರೆಯಲ್ಲವೆಂಬುದು ಅವರ ನಂಬಿಕೆ. 1875ರಲ್ಲಿ ಓದನ್ನು ಮುಗಿಸಿದ ವಾಷಿಂಗ್ಟನ್ ಮಾಲ್ಡನ್ನಿನಲ್ಲಿ ಉಪಾಧ್ಯಾಯನಾಗಿದ್ದು, ಬಳಿಕ ಹ್ಯಾಂಪ್ಟನ್ನಿಗೇ ಮರಳಿ ರಾತ್ರಿ ಶಾಲೆಯ ಹೊಣೆಯನ್ನು ಹೊತ್ತನು.

ಅಲಬಾಮಾ ಪ್ರಾಂತದ ಟಸ್ಕೀಗಿ ಎಂಬ ಊರಿನಲ್ಲಿ ಹಿಂದೆ ಗುಲಾಮನಾಗಿದ್ದ ಲೂಯಿಸ್ ಆಡಮ್ಸ್ ಎಂಬ ತಗಡಿನ ಕೆಲಸಗಾರನೂ, ಹಿಂದೆ ಗುಲಾಮರ ಒಡೆಯನಾಗಿದ್ದ ಜಾರ್ಜ್ ಕ್ಯಾಂಪ್‌ಬೆಲ್ ಎಂಬ ವ್ಯಾಪಾರಿಯೂ ಕಪ್ಪು ಜನರ ಶಾಲೆಯೊಂದಕ್ಕಾಗಿ ಪ್ರಯತ್ನಿಸುತ್ತಿದ್ದರು. ಸರ್ಕಾರವು ವರ್ಷಕ್ಕೆ 2,000 ಡಾಲರನ್ನು ಅಧ್ಯಾಪಕರ ಸಂಬಳಕ್ಕಾಗಿ ಮಂಜೂರು ಮಾಡಿದ್ದಿತು. ಮುಖ್ಯೋಪಾಧ್ಯಾಯನೊಬ್ಬನನ್ನು ಕಳುಹಿಸಬೇಕೆಂದು ಆರ್ಮ್‌ಸ್ಟ್ರಾಂಗರಿಗೆ ಕಾಗದ ಬಂದಿತು. ಬರೆದವರ ಮನಸ್ಸಿನಲ್ಲಿದ್ದವನು ಬಿಳಿಯನೇ. ಆರ್ಮ್‌ಸ್ಟ್ರಾಂಗರು ವಾಷಿಂಗ್ಟನ್ನನ ಹೆಸರನ್ನು ಸೂಚಿಸಿದರು. ಆಗ ಅವರ ವಯಸ್ಸು ಇಪ್ಪತ್ತೈದು.

ಟಸ್ಕೀಗಿಗೆ ಬಂದು ನೋಡಿದರೆ ಶಾಲೆಯೇ ಇಲ್ಲ! ಸಂಬಳಕ್ಕೆ ಹಣವಿದೆ, ಕಟ್ಟಡಕ್ಕಿಲ್ಲ, ನೆಲಕ್ಕಿಲ್ಲ, ಪುಸ್ತಕಕ್ಕಿಲ್ಲ. 1881ರ ಜುಲೈ 4ರಂದು, ಇಗರ್ಜಿಯ ಪಕ್ಕದ ಒಂದು ಹಳೆಯ ಗುಡಿಸಿಲಿನಲ್ಲಿ, ಸುಮಾರು ಮೂವತ್ತು ವಿದ್ಯಾರ್ಥಿಗಳೊಡನೆ ಪಾಠ ಆರಂಭವಾಯಿತು. ಮಳೆ ಬಂದಾಗ ದೊಡ್ಡ ಹುಡುಗನೊಬ್ಬನು ಎದ್ದು ಬಂದು ಗುರುಗಳ ತಲೆಯ ಮೇಲೆ ಕೊಡೆ ಹಿಡಿಯುತ್ತಿದ್ದನು. ಸ್ವಲ್ಪ ದಿನಗಳಲ್ಲಿ 500 ಡಾಲರ್ ಬೆಲೆಯ, ಪಾಳುಬಿದ್ದ ನೂರು ಎಕರೆಗಳ ತೋಟವೊಂದು ಮಾರಾಟಕ್ಕಿರುವ ಸುದ್ದಿ ತಿಳಿಯಿತು. ಹ್ಯಾಂಪ್ಟನ್ನಿನ ಖಜಾಂಚಿ ಸ್ವಂತ ಹಣದಿಂದ ಕೊಟ್ಟ 250 ಡಾಲರ್ ಸಾಲದ ಬಲದಿಂದ ವಾಷಿಂಗ್ಟನ್ ಅದನ್ನು ಕೊಂಡರು. ಅಲ್ಲಿದ್ದ ಕುದುರೆ ಲಾಯವೂ ಕೋಳಿಗೂಡೂ ಪಾಠದ ಕೊಠಡಿಗಳಾದವು.

ನೆಲವನ್ನು ಹಸನು ಮಾಡಬೇಕೆಂದಾಗ ವಿದ್ಯಾರ್ಥಿಗಳ ಮುಖ ಬಾಡಿತು. ಅವರಲ್ಲಿ ಅನೇಕರು ಆಗಲೇ ಹಳ್ಳಿಗಳಲ್ಲಿ ಪಾಠ ಹೇಳುತ್ತಿದ್ದವರು. ಗೋಳದ ಮೇಲೆ ಸಹರಾ ಮರುಭೂಮಿಯನ್ನು ತೋರಿಸಬಲ್ಲರು. ಊಟದ ಮೇಜನ್ನು ಅಣಿಮಾಡಲು ಬಾರದು. ಒಮ್ಮೆ ವಾಷಿಂಗ್ಟನ್ ಸುತ್ತಲಿನ ಹಳ್ಳಿಗಳಲ್ಲಿ ಸಂಚರಿಸುತ್ತಿದ್ದಾಗ ಒಂದು ಗುಡಿಸಿಲಿನಲ್ಲಿ ಯುವಕನೊಬ್ಬನು ಫ್ರೆಂಚ್ ವ್ಯಾಕರಣವನ್ನು ಓದುತ್ತ ಕುಳಿತಿದ್ದುದನ್ನು ಕಂಡರು. ಅವನ ಬಟ್ಟೆಯ ಮೇಲೆ ಜಿಡ್ಡು, ಸುತ್ತಲೂ ಕೊಳೆ, ಹಿತ್ತಿಲಲ್ಲಿ ಕಳೆ. ಈ ನೋಟ ಅವರ ಮನಸ್ಸನ್ನು ಬಿಡಲೇ ಇಲ್ಲ. ಗುಲಾಮಗಿರಿಯು ದುಡಿಮೆಗೆ ಅಪಮಾನದ ಮುದ್ರೆಯನ್ನು ಒತ್ತಿತ್ತು. ದುಡಿಸಿಕೊಂಡವರ ಮಕ್ಕಳೂ ಅದನ್ನು ಹೀನವೆಂದು ತಿಳಿದರು, ದುಡಿದವರ ಮಕ್ಕಳೂ ಹೀನವೆಂದು ತಿಳಿದರು. ಓದುವುದು ಕೈಕೆಲಸದಿಂದ ಪಾರಾಗುವುದಕ್ಕಾಗಿ ಎಂಬ ಭಾವನೆ ಬೇರೂರಿದ್ದಿತು. ಮಕ್ಕಳಿಂದ ಕೆಲಸ ಮಾಡಿಸಕೂಡದೆಂದು ತಂದೆತಾಯಿಗಳೂ ಆಕ್ಷೇಪಿಸಿದರು. ವಾಷಿಂಗ್ಟನ್ ವಾದಕ್ಕಿಳಿಯಲಿಲ್ಲ. ಪ್ರತಿದಿನ ಮಧ್ಯಾಹ್ನ ಪಾಠ ಮುಗಿದೊಡನೆ ಕೊಡಲಿಯನ್ನು ಹೆಗಲಿಗೇರಿಸಿಕೊಂಡು ತಾವೇ ಕಾಡಿನೆಡೆಗೆ ನಡೆದರು. ಗುರುವೇ ಮರ ಕಡಿಯುತ್ತಿರುವಾಗ ಶಿಷ್ಯರು ನಿಂತು ನೋಡುವುದೆಂತು? ಇಪ್ಪತ್ತು ಎಕರೆ ನೆಲ ಹಸನಾಗಿ ಬಿತ್ತನೆಯಾಯಿತು.

ಇನ್ನು ಕಟ್ಟಡ. ಟಸ್ಕೀಗಿಯಲ್ಲಿ ಇಟ್ಟಿಗೆ ದೊರೆಯುತ್ತಿರಲಿಲ್ಲ. ಇಟ್ಟಿಗೆಯನ್ನು ಶಾಲೆಯೇ ಮಾಡಿದರೆ ಕಟ್ಟಡವೂ ಆಗುವುದು, ಹುಡುಗರಿಗೆ ಒಂದು ಕಸುಬೂ ಆಗುವುದು, ಊರಿನವರಿಗೆ ಮಾರಿ ನಾಲ್ಕು ಕಾಸನ್ನೂ ಪಡೆಯಬಹುದೆಂದು ಅವರು ಯೋಚಿಸಿದರು. ಕೆಲಸಕ್ಕೆ ಇಳಿದ ಮೇಲೆ ಅದರ ಕಷ್ಟ ತಿಳಿಯಿತು. ತಕ್ಕ ಮಣ್ಣನ್ನು ಹುಡುಕಿ ಹಲವು ಕಡೆ ಅಗೆದದ್ದಾಯಿತು. ಮೊಣಕಾಲುದ್ದದ ಕೆಸರಿನಲ್ಲಿ ಗಂಟೆಗಟ್ಟಲೆ ನಿಂತು ಮಣ್ಣನ್ನು ತುಳಿದು ಹದಮಾಡಬೇಕು. ಬೇಸತ್ತು ಕೆಲವರು ಶಾಲೆಯನ್ನೇ ಬಿಟ್ಟು ಹೋದರು. ಸುಮಾರು 25,000 ಇಟ್ಟಿಗೆಗಳನ್ನು ಅಚ್ಚಿನಲ್ಲಿ ಕೊಯ್ದು, ಒಣಗಿಸಿ, ಗೂಡಿಗೆ ಜೋಡಿಸಿ ಬೆಂಕಿಯಿಟ್ಟರು. ಗೂಡನ್ನು ಸರಿಯಾಗಿ ಕಟ್ಟದ ಕಾರಣ ಇಟ್ಟಿಗೆ ಬೇಯಲಿಲ್ಲ. ಎರಡನೆಯ ಗೂಡೂ ಕೆಟ್ಟಿತು. ಮೂರನೆಯದು ಒಂದು ವಾರ ಉರಿಯಬೇಕಾಗಿದ್ದಿತು. ಹ್ಯಾಂಪ್ಟನ್ನಿನಲ್ಲಿ ಕೆಲಸ ಕಲಿತಿದ್ದ ಅಧ್ಯಾಪಕರು ಹಗಲಿರುಳು ಕಾದರು. ಇನ್ನೇನು ಕೆಲವೇ ಗಂಟೆಗಳಿವೆ ಎನ್ನುವಾಗ, ನಡುರಾತ್ರಿಯಲ್ಲಿ, ಗೂಡು ಕುಸಿದು ಬಿದ್ದಿತು.

ಕೈಯಲ್ಲಿ ಒಂದು ಡಾಲರೂ ಉಳಿದಿರಲಿಲ್ಲ. ಸಹೋದ್ಯೋಗಿಗಳು ಇಟ್ಟಿಗೆಯ ಆಸೆಯನ್ನು ಬಿಡುವಂತೆ ಹೇಳಿದರು. ವಾಷಿಂಗ್ಟನ್ನರ ಬಳಿ ಹಳೆಯ ಗಡಿಯಾರವೊಂದಿದ್ದಿತು. ಅದನ್ನು ಕೊಂಡೊಯ್ದು ಮಾಂಟ್‌ಗೊಮರಿ ನಗರದ ಅಂಗಡಿಯೊಂದರಲ್ಲಿ ಗಿರವಿಯಿಟ್ಟು 15 ಡಾಲರ್ ತಂದರು. ನಾಲ್ಕನೆಯ ಸಲ ಇಟ್ಟಿಗೆ ಕೆಂಪಗೆ ಬೆಂದು ಹೊರಬಂದಿತು. ಗಡುವಿನೊಳಗೆ ಹಣ ಕಟ್ಟಲಾಗದೆ ಗಡಿಯಾರ ಮಾತ್ರ ಹಿಂದಿರುಗಲಿಲ್ಲ. ಮುಂದೆ ಈ ಶಾಲೆಯ ಗೂಡುಗಳಲ್ಲಿ ಒಂದು ಹಂಗಾಮಿಗೆ 12 ಲಕ್ಷ ಇಟ್ಟಿಗೆಗಳು ತಯಾರಾದವು. ಕಪ್ಪು ಜನರಿಗೆ ಶಾಲೆಯೇಕೆಂದು ಮೂಗು ಮುರಿಯುತ್ತಿದ್ದ ನೆರೆಯ ಬಿಳಿಯರೂ ಇಟ್ಟಿಗೆ ಕೊಳ್ಳಲು ಬಂದರು. ಒಳ್ಳೆಯ ಇಟ್ಟಿಗೆಗೆ ಬಣ್ಣದ ಭೇದವಿಲ್ಲವೆಂಬುದನ್ನು ವಾಷಿಂಗ್ಟನ್ ಕಂಡುಕೊಂಡದ್ದು ಹೀಗೆ.

ಶಾಲೆಯು ಬೆಳೆಯಿತು. ಬಡಗಿತನ, ಕಮ್ಮಾರಿಕೆ, ಗಾರೆಕೆಲಸ, ಬಂಡಿ ಕಟ್ಟುವುದು, ಪಾದರಕ್ಷೆ ಹೊಲಿಯುವುದು, ಮುದ್ರಣ, ಬೇಸಾಯ, ಹೈನುಗಾರಿಕೆ, ಹೆಣ್ಣುಮಕ್ಕಳಿಗೆ ಹೊಲಿಗೆ, ಅಡುಗೆ, ಹಾಸಿಗೆ ಮಾಡುವುದು ಮುಂತಾದ ಕಸುಬುಗಳು ಬಂದವು. ಆರಂಭದ ಹಾಸಿಗೆಗಳೆಂದರೆ ಬಟ್ಟೆಯ ಚೀಲಗಳಿಗೆ ದೇವದಾರು ಜಾತಿಯ ಮರದ ಎಲೆಗಳನ್ನು ತುಂಬಿದವುಗಳು. ಆರಂಭದ ಕುರ್ಚಿಗಳು ಕುಳಿತರೆ ಮುರಿಯುವಂತಹವು. ಕೊಂಡುತರುವುದಕ್ಕಿಂತ ಕೆಟ್ಟದಾಗಿಯಾದರೂ ಮಾಡಿ, ತಪ್ಪನ್ನು ಕಂಡು, ತಿದ್ದಿಕೊಳ್ಳುವುದೇ ಮೇಲೆಂಬುದು ಅವರ ನಿಲುವು. ಹತ್ತೊಂಬತ್ತು ವರ್ಷಗಳಲ್ಲಿ ಎದ್ದ ನಲವತ್ತು ಕಟ್ಟಡಗಳಲ್ಲಿ ನಾಲ್ಕನ್ನು ಬಿಟ್ಟು ಮಿಕ್ಕವೆಲ್ಲ ಬಹುಮಟ್ಟಿಗೆ ವಿದ್ಯಾರ್ಥಿಗಳ ಕೈಯಿಂದಲೇ ಆದವು. ಊಟದ ಖರ್ಚಿಗೂ ಗತಿಯಿಲ್ಲದವರಿಗಾಗಿ 1884ರಲ್ಲಿ ರಾತ್ರಿ ಶಾಲೆ ತೆರೆಯಿತು. ಹಗಲು ಹತ್ತು ಗಂಟೆಗಳ ಕಾಲ ಕಸುಬಿನ ದುಡಿಮೆ, ಸಂಜೆ ಎರಡು ಗಂಟೆಗಳ ಪಾಠ. ದುಡಿದ ಕೂಲಿಯ ಬಹುಭಾಗ ಅವರ ಹೆಸರಿನಲ್ಲಿಯೇ ಜಮೆಯಾಗಿ, ಮುಂದೆ ಹಗಲು ಶಾಲೆ ಸೇರಿದಾಗ ಅವರ ವೆಚ್ಚಕ್ಕೆ ಒದಗುತ್ತಿದ್ದಿತು. ತರಗತಿಯ ಗಣಿತವೂ ಕಮ್ಮಟದ ಅಳತೆಯೂ ಒಂದನ್ನೊಂದು ಬಿಟ್ಟಿರಬಾರದೆಂದು ಅವರು ಅಧ್ಯಾಪಕರನ್ನು ಬಿಡದೆ ಎಚ್ಚರಿಸುತ್ತಿದ್ದರು. ಹಲ್ಲುಜ್ಜುವ ಬ್ರಷ್ಷಿನ ವಿಷಯದಲ್ಲಿಯೂ ಅವರ ಎಚ್ಚರ ಅಷ್ಟೇ ಬಿಗಿ. ರಫ್ನರಳ ಶಿಷ್ಯನಲ್ಲವೇ!

ಇದಕ್ಕೆಲ್ಲ ಬೇಕಾದ ಹಣಕ್ಕಾಗಿ ಅವರು ಉತ್ತರದ ನಗರಗಳಲ್ಲಿ ಮನೆಮನೆಯ ಬಾಗಿಲನ್ನು ತಟ್ಟಿದರು. ಈ ಕಾರ್ಯದಲ್ಲಿಯೂ ಶಾಲೆಯ ವ್ಯವಸ್ಥೆಯಲ್ಲಿಯೂ ಮೊದಲಿನಿಂದ ನೆರವಾದ ಅಧ್ಯಾಪಕಿ ಒಲಿವಿಯಾ ಡೇವಿಡ್‌ಸನ್ 1885ರಲ್ಲಿ ಅವರ ಪತ್ನಿಯಾಗಿ, ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಟಸ್ಕೀಗಿಯ ಕಥೆಯಲ್ಲಿ ಆಕೆಯ ಹೆಸರು ಹಿಂದೆ ಸರಿದಿರುವುದು ನ್ಯಾಯವಲ್ಲ.

1895ರ ಸೆಪ್ಟೆಂಬರ್ 18ರಂದು ಅಟ್ಲಾಂಟಾ ನಗರದ ವಸ್ತುಪ್ರದರ್ಶನದಲ್ಲಿ ಮಾಡಿದ ಭಾಷಣದಿಂದ ವಾಷಿಂಗ್ಟನ್ ದೇಶಕ್ಕೆಲ್ಲ ಪರಿಚಿತರಾದರು. ಕಪ್ಪು ಜನರು ಮೊದಲು ಕಸುಬು, ಭೂಮಿ, ಹಣಗಳನ್ನು ಸಂಪಾದಿಸಲಿ. ಸಮಾನತೆಗಾಗಿ ಈಗಲೇ ಹೋರಾಡುವುದು ಬೇಡ. ಬೆರಳುಗಳು ಬೇರೆಯಾದರೂ ಕೈ ಒಂದೇ ಆಗಿರುವಂತೆ ಎರಡು ಜನಾಂಗಗಳೂ ಬಾಳಬಹುದು ಎಂಬುದು ಅದರ ತಾತ್ಪರ್ಯ. ಬಿಳಿಯರು ಹರ್ಷಿಸಿದರು. ಆ ಹರ್ಷದಲ್ಲಿಯೇ ಅಪಾಯವಿದ್ದಿತು. ಮರುವರ್ಷವೇ ದೇಶದ ಸರ್ವೋಚ್ಚ ನ್ಯಾಯಾಲಯವು ಜನಾಂಗಗಳನ್ನು ಪ್ರತ್ಯೇಕಿಸಿಡುವುದು ಕಾನೂನಿಗೆ ಸಮ್ಮತವೆಂದು ತೀರ್ಪಿತ್ತಿತು. 1901ರ ಅಲಬಾಮಾ ಸಂವಿಧಾನವು ಕಪ್ಪು ಜನರಲ್ಲಿ ಬಹುಪಾಲು ಮಂದಿಯ ಮತದಾನದ ಹಕ್ಕನ್ನು ಕಸಿದುಕೊಂಡಿತು. ಅದೇ ವರ್ಷ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ವಾಷಿಂಗ್ಟನ್ನರನ್ನು ತಮ್ಮೊಡನೆ ಊಟಕ್ಕೆ ಆಹ್ವಾನಿಸಿದಾಗ ದಕ್ಷಿಣದ ಪತ್ರಿಕೆಗಳು ಬೆಂಕಿ ಕಾರಿದವು. ನುರಿತ ಕಸುಬುದಾರನ ಇಟ್ಟಿಗೆಯನ್ನು ಕೊಳ್ಳಲು ಸಿದ್ಧರಿದ್ದವರು ಅವನೊಡನೆ ಒಂದೇ ಮೇಜಿನಲ್ಲಿ ಉಣ್ಣಲು ಸಿದ್ಧರಿರಲಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವಿದ್ವಾಂಸರಾದ ಡುಬಾಯಿಸ್ 1903ರಲ್ಲಿ ತಮ್ಮ ಗ್ರಂಥದಲ್ಲಿ ವಾಷಿಂಗ್ಟನ್ನರನ್ನು ನೇರವಾಗಿ ವಿಮರ್ಶಿಸಿದರು. ಮತದ ಹಕ್ಕಿಲ್ಲದವನು ಸಂಪಾದಿಸಿದ ಆಸ್ತಿಯನ್ನು ಉಳಿಸಿಕೊಳ್ಳುವುದು ಹೇಗೆ? ಉನ್ನತ ವಿದ್ಯೆಯನ್ನು ಕಡೆಗಣಿಸಿದರೆ ಕಸುಬಿನ ಶಾಲೆಗಳಿಗೆ ಅಧ್ಯಾಪಕರಾದರೂ ಎಲ್ಲಿಂದ ಬರಬೇಕು? ಈ ಪ್ರಶ್ನೆಗಳು ಹುರುಳಿಲ್ಲದವುಗಳಲ್ಲ. ಟಸ್ಕೀಗಿಯ ಕಟ್ಟಡಗಳ ನಕ್ಷೆಗಳನ್ನು ಬರೆದ ರಾಬರ್ಟ್ ಟೇಲರ್ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಪದವೀಧರರು. 1896ರಲ್ಲಿ ಅಲ್ಲಿಗೆ ಬಂದು, ಹತ್ತಿಯಿಂದ ಸತ್ವಹೀನವಾದ ಹೊಲಗಳಿಗೆ ನೆಲಗಡಲೆ, ಗೆಣಸುಗಳ ಬೆಳೆಯನ್ನು ಬೋಧಿಸಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಸಹ ಕಾಲೇಜಿನಲ್ಲಿ ಓದಿದ ವಿಜ್ಞಾನಿ. ಉನ್ನತ ವಿದ್ಯೆಯಿಲ್ಲದೆ ಕೈಕಸುಬಿನ ಶಾಲೆಯೂ ನಡೆಯದೆಂಬುದಕ್ಕೆ ವಾಷಿಂಗ್ಟನ್ನರ ಸಂಸ್ಥೆಯೇ ಸಾಕ್ಷಿಯಾಗಿದ್ದಿತು. ಕಾರ್ಖಾನೆಗಳ ಕಾಲ ಕಾಲಿಟ್ಟಿದ್ದಾಗ ಬಂಡಿ ಕಟ್ಟುವುದನ್ನು ಕಲಿಸಿದ್ದು ದೂರದೃಷ್ಟಿಯೇ ಎಂದು ಕೇಳಿದವರೂ ಉಂಟು.

ಹಾಗೆಂದು ಅವರು ಹಕ್ಕುಗಳ ವಿಷಯದಲ್ಲಿ ಕೈಕಟ್ಟಿ ಕುಳಿತಿದ್ದರೆಂದು ಹೇಳಲಾಗದು. ಅಲಬಾಮಾದಲ್ಲಿ ಮತದಾನದ ಹಕ್ಕಿಗಾಗಿ ನಡೆದ ಮೊಕದ್ದಮೆಗಳಿಗೆ ಅವರು ಗುಟ್ಟಾಗಿ ಹಣವನ್ನು ಒದಗಿಸುತ್ತಿದ್ದರು. ಬಹಿರಂಗವಾದರೆ ಶಾಲೆಯೇ ಉಳಿಯುವುದು ಸಂದೇಹ. ಸಭೆಗಳಲ್ಲಿ ತಾಳ್ಮೆಯನ್ನು ಬೋಧಿಸಿ, ಮರೆಯಲ್ಲಿ ವಕೀಲರಿಗೆ ಹಣ ಕಳುಹಿಸುತ್ತಿದ್ದ ಸಂಗತಿ ಅವರು ಸತ್ತು ಹಲವು ದಶಕಗಳಾದ ಮೇಲೆ ಅವರ ಕಾಗದಪತ್ರಗಳಿಂದ ಹೊರಬಿದ್ದಿತು. ತಮ್ಮನ್ನು ಹೇಡಿಯೆಂದವರ ಎದುರಿಗೂ ಅವರು ಅದನ್ನು ಬಾಯಿಬಿಟ್ಟಿರಲಿಲ್ಲ.

1901ರಲ್ಲಿ ಪ್ರಕಟವಾದ ಅವರ ಜೀವನಚರಿತ್ರೆಯು ದೂರ ದೇಶಗಳಲ್ಲಿಯೂ ಓದುಗರನ್ನು ಗಳಿಸಿತು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರು 1903ರಲ್ಲಿ ತಮ್ಮ ಪತ್ರಿಕೆಯಲ್ಲಿ ವಾಷಿಂಗ್ಟನ್ನರನ್ನು ಕುರಿತು ಲೇಖನವನ್ನು ಬರೆದರು. ಶಾಲೆಗೆ ಬರಲಾರದ ರೈತರಿಗಾಗಿ 1906ರಲ್ಲಿ ಟಸ್ಕೀಗಿಯಿಂದ ಒಂದು ಬಂಡಿ ಹೊರಟಿತು. ಉಪಕರಣಗಳನ್ನು ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗಿ, ಹೊಲದಲ್ಲಿಯೇ ನಿಂತು ಕಲಿಸುವ ಚಲಿಸುವ ಶಾಲೆ ಅದು. ಜೂಲಿಯಸ್ ರೋಸನ್‌ವಾಲ್ಡ್ ಎಂಬ ವ್ಯಾಪಾರಿಯ ನೆರವಿನಿಂದ ಹಳ್ಳಿಗಳಲ್ಲಿ ಮಕ್ಕಳ ಶಾಲೆಗಳನ್ನು ಕಟ್ಟಿಸುವ ಯೋಜನೆಯನ್ನೂ ವಾಷಿಂಗ್ಟನ್ ಆರಂಭಿಸಿದರು. ಅವರ ಕಾಲಾನಂತರವೂ ಅದು ನಡೆದು, 1932ರ ವೇಳೆಗೆ ದಕ್ಷಿಣದ ಪ್ರಾಂತಗಳಲ್ಲಿ ಸುಮಾರು 5,000 ಶಾಲೆಗಳು ಎದ್ದಿದ್ದವು.

ಬಿಡುವಿಲ್ಲದ ಪ್ರಯಾಣ, ಭಾಷಣ, ಯಾಚನೆಗಳಿಂದ ಅವರ ದೇಹ ಜರ್ಜರಿತವಾಯಿತು. 1915ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅವರು ಕುಸಿದರು. ಹೆಚ್ಚು ದಿನ ಬದುಕುವುದಿಲ್ಲವೆಂದು ವೈದ್ಯರು ತಿಳಿಸಿದಾಗ, ಹುಟ್ಟಿ ಬೆಳೆದ ದಕ್ಷಿಣದಲ್ಲಿಯೇ ಸಾಯುವ ಬಯಕೆಯಿಂದ ರೈಲು ಹತ್ತಿದರು. ಟಸ್ಕೀಗಿಯನ್ನು ತಲುಪಿ, ನವೆಂಬರ್ 14ರಂದು, ತಮ್ಮ ಮನೆಯಲ್ಲಿ ಕಣ್ಮುಚ್ಚಿದರು. ಆಗ ಶಾಲೆಯಲ್ಲಿ ನೂರಕ್ಕೂ ಮೇಲ್ಪಟ್ಟು ಕಟ್ಟಡಗಳಿದ್ದವು. ಸುಮಾರು 1,500 ವಿದ್ಯಾರ್ಥಿಗಳಿಗೆ 38 ಕಸುಬು ಮತ್ತು ವೃತ್ತಿಗಳನ್ನು ಕಲಿಸಲಾಗುತ್ತಿದ್ದಿತು. ಶಾಲೆಯ ಆವರಣದ ಎತ್ತರದ ನೆಲದಲ್ಲಿ ಅವರನ್ನು ಸಮಾಧಿ ಮಾಡಿದರು. ಸಮಾಧಿಯ ಇಟ್ಟಿಗೆಗಳು ವಿದ್ಯಾರ್ಥಿಗಳು ತಯಾರಿಸಿದವು.